ಬುರುಜಿನ ಬುಡದ ಹೆಪ್ಪು

ಹೇಳಲಿಕ್ಕೆ ಕೆಲಸ ಸಣ್ಣದು. ಬೆಟ್ಟದ ಮೇಲೆ ಒಂದು ಹಳೆಯ ಕಲ್ಲಿನ ಬುರುಜು. ಅದರ ಬುಡದಲ್ಲೊಂದು, ನೆತ್ತಿಯಲ್ಲೊಂದು ನಡುಕ ಹಿಡಿಯುವ ಪೆಟ್ಟಿಗೆ ಇಡಬೇಕು. ಭೂಮಿ ಅಲುಗಿದಾಗ ಬುರುಜು ಹೇಗೆ ಅಲುಗುತ್ತದೆ ಎಂಬುದನ್ನು ಕಾಗದದ ಮೇಲೆ ಗೀಚಿಸಿಕೊಂಡು ಬರಬೇಕು. ನೆಲ ಹೆಪ್ಪುಗಟ್ಟಿರುವಾಗಿನದು ಒಂದು, ಕರಗಿದ ಮೇಲಿನದು ಒಂದು. ಎರಡೂ ಸಿಕ್ಕಿದರೆ ಮಾತ್ರ ದಹ್ರಾನಿಗೆ ವಾಪಸು.

ಅರಬ ದೇಶದ ತಬೂಕ್ ಪೇಟೆಯ ಚಾ ಅಂಗಡಿಯಲ್ಲಿ ನಕ್ಷೆ ಬಿಡಿಸಿಟ್ಟು ಫೌಸ್ಟಿನ್ ಇದನ್ನು ಹೇಳಿದ. ಅವನು ಮಂಗಳೂರಿನ ಬೊಂದೇಲದವನು, ದಹ್ರಾನಿನ ಸರ್ವೆ ಕಂಪನಿಯಲ್ಲಿ ಯಂತ್ರಗಳನ್ನು ನೋಡಿಕೊಳ್ಳುವವನು. ಎದುರಿಗೆ ಕೂತಿದ್ದ ಪೊಡಿಯಬ್ಬ ಫರಂಗಿಪೇಟೆಯ ಬ್ಯಾರಿ. ಊರಿನಲ್ಲಿ ಬಾವಿ ತೋಡುತ್ತಿದ್ದವನು ಈಗ ಅದೇ ಕಂಪನಿಗೆ ಮರಳಿನಲ್ಲಿ ಗುಂಡಿ ತೋಡುತ್ತಿದ್ದ. ಮೂರನೆಯವನು ಗುಲಾಮ್ ಮುಹಮ್ಮದ್, ಲಾರಿಯ ಡ್ರೈವರ್. ಕ್ವೆಟ್ಟಾದ ಆಚೆ ಹಿಮ ಬೀಳುವ ಹಳ್ಳಿಯವನು.

ಅದು ಎಂಬತ್ತಮೂರನೆಯ ಇಸವಿಯ ಚಳಿಗಾಲ. ಅಕಬಾ ಕೊಲ್ಲಿಯ ಸಮುದ್ರದಡಿಯಲ್ಲಿ ಜನವರಿಯಿಂದ ನೆಲ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ದಿನಕ್ಕೆ ಹಲವು ಸಲ ಬೆಟ್ಟಗಳು ಮೈ ಕೊಡವುತ್ತಿದ್ದವು.

"ಹೆಪ್ಪುಗಟ್ಟುವುದು ಅಂದ್ರೆ ಎಂತದು ಪೊರ್ಬುಗಳೇ? ನೆಲಕ್ಕೆ ಯಾರಾದ್ರೂ ಮಜ್ಜಿಗೆ ಬಿಟ್ಟಿದ್ದಾರಾ?" ಪೊಡಿಯಬ್ಬ ಕೇಳಿದ. ಊರಿನಲ್ಲಿ ಕ್ರೈಸ್ತರನ್ನು ಪೊರ್ಬು ಎಂದೇ ಕರೆಯುವುದು.

"ಮಣ್ಣಿನೊಳಗಿನ ನೀರು ಐಸ್ ಆಗುವುದು ಪೊಡಿಯಬ್ಬಾಕ. ನಮ್ಮ ಬೊಂದೇಲಲ್ಲೂ ಇಲ್ಲ, ನಿಮ್ಮ ಫರಂಗಿಪೇಟೆಯಲ್ಲೂ ಇಲ್ಲ. ಬೆಟ್ಟದ ಸಾಲಲ್ಲಿ ಇಂಥ ಬುರುಜು ತುಂಬ ಉಂಟಂತೆ. ಅದರ ಬದಿಯಲ್ಲೇ ರಸ್ತೆ ಬರ್ತದೆ. ಯಾವುದು ನಿಲ್ತದೆ, ಯಾವುದು ಬೀಳ್ತದೆ ಅಂತ ದೊಡ್ಡ ಎಂಜಿನಿಯರಿಗೆ ಗೊತ್ತಾಗಬೇಕು."

"ಐಸು ಪೆಟ್ಟಿಗೆಯಲ್ಲಿ ಇರುವುದಲ್ಲವಾ ಮಾರಾಯ್ರೆ," ಎಂದು ಪೊಡಿಯಬ್ಬ ಚಾ ಮುಗಿಸಿದ. "ನೆಲದಲ್ಲಿಯೂ ಉಂಟಾದರೆ ನೋಡಿಯೇ ಬರುವ."

"ಯಲ್ಲಾ, ಹೊರಡಿ," ಎಂದು ಗುಲಾಮ್ ಮುಹಮ್ಮದ್ ಎದ್ದ.

ಲಾರಿ ಒಣಹಳ್ಳವೊಂದರ ಬಾಯಿಯವರೆಗೆ ಬಂದು ನಿಂತಿತು. ಮುಂದೆ ದಾರಿ ಕೊಚ್ಚಿಹೋಗಿತ್ತು. ಅಲ್ಲಿಂದ ಹೊರೆ ಹೆಗಲ ಮೇಲೆ. ಪೆಟ್ಟಿಗೆಗಳು, ಬ್ಯಾಟರಿ, ತಂತಿಯ ಸುರುಳಿ, ಡೇರೆ, ಸೀಮೆಎಣ್ಣೆ ಒಲೆ. ಒಂದು ಸಲ ಹೊತ್ತು, ಇಳಿದು, ಮತ್ತೊಂದು ಸಲ ಹೊತ್ತರು.

ಏರುತ್ತಾ ಹೋದಂತೆ ಲೋಕ ಬದಲಾಯಿತು. ಕೆಳಗೆ ಕೆಂಪು ಬಂಡೆ, ಕೆಂಪು ಮರಳು, ಒಣಗಿದ ಮುಳ್ಳಿನ ಪೊದೆ. ಇದೆಲ್ಲ ಪೊಡಿಯಬ್ಬನಿಗೆ ಗೊತ್ತಿದ್ದ ಅರಬ ದೇಶವೇ. ಒಂದು ತಿರುವು ದಾಟಿದ ಮೇಲೆ ಬಂಡೆಗಳ ನೆರಳಿನಲ್ಲಿ ಯಾರೋ ಹಿಟ್ಟು ಉದುರಿಸಿದಂತೆ ಬಿಳಿ ಕಂಡಿತು. ಇನ್ನೊಂದು ತಿರುವಿನಲ್ಲಿ ಹಿಟ್ಟು ಹಾಸಿಗೆಯಾಯಿತು. ಗುಲಾಬಿ ಬಣ್ಣದ ಬೆಟ್ಟಗಳ ಹೆಗಲ ಮೇಲೆ ಬಿಳಿ ಶಾಲು. ಸದ್ದೇ ಇಲ್ಲ. ಬಾಯಿ ತೆರೆದರೆ ಉಸಿರು ಹೊಗೆಯಾಗಿ ಹೊರಬಂದು ಕಣ್ಣೆದುರೇ ಸ್ವಲ್ಪ ಹೊತ್ತು ನಿಲ್ಲುತ್ತಿತ್ತು. ದೂರದ ಎರಡು ಬೆಟ್ಟಗಳ ಸಂದಿನಲ್ಲಿ ಕೊಲ್ಲಿಯ ನೀರು ನೀಲಿ ದಾರದಂತೆ ಕಂಡಾಗ, ಇದು ಎಚ್ಚರವೋ ಬೆಳಗಿನ ಜಾವದ ಕನಸೋ ಎಂದು ಅವನಿಗೆ ತಿಳಿಯಲಿಲ್ಲ. ಬಗ್ಗಿ ಒಂದು ಚಿಟಿಕೆ ಹಿಮ ಬಾಯಿಗೆ ಹಾಕಿಕೊಂಡ. ಅದಕ್ಕೆ ರುಚಿಯೂ ಇರಲಿಲ್ಲ.

ಬೆಟ್ಟದ ಬೆನ್ನಿನ ಮೇಲೆ ಬುರುಜು ನಿಂತಿತ್ತು. ಎತ್ತರ ಒಂದು ಒಳ್ಳೆಯ ತೆಂಗಿನ ಮರದಷ್ಟು. ನಾಲ್ಕು ಮೂಲೆ, ಬುಡ ಅಗಲ, ನೆತ್ತಿ ಸಪೂರ. ಮಣ್ಣಿನ ಗಾರೆಯಲ್ಲಿ ಚಪ್ಪಟೆ ಕಲ್ಲು ಕೂರಿಸಿ ಕಟ್ಟಿದ್ದು. ಅರಬರು ಅದಕ್ಕೆ ಬುರ್ಜ್ ಎನ್ನುತ್ತಿದ್ದರು. 'ಇದು ನಮ್ಮ ಬುರುಜೇ ಅಲ್ಲವಾ' ಎಂದು ಪೊಡಿಯಬ್ಬನಿಗೆ ಊರಿನವರೊಬ್ಬರು ಸಿಕ್ಕಷ್ಟು ಸಂತೋಷವಾಯಿತು.

ಬಾಗಿಲಿನಿಂದ ಹೊಗೆ ಬರುತ್ತಿತ್ತು.

"ಒಳಗೆ ಜನ ಉಂಟು!" ಫೌಸ್ಟಿನ್ ನಿಂತುಬಿಟ್ಟ. "ಯಾರೂ ಇಲ್ಲ ಅಂತ ಹೇಳಿದ್ದರಲ್ಲ ಆಫೀಸಲ್ಲಿ!"

ಹೊರಗೆ ಬಂದವಳು ಒಬ್ಬ ಮುದುಕಿ. ಕಪ್ಪು ಮುಸುಕು, ಕೈಯಲ್ಲಿ ಆಡು ಕಾಯುವ ಕೋಲು. ಹೆಸರು ಉಮ್ಮೆ ಕುಲ್ಸುಮ್. ಮೂವರನ್ನೂ ಅಡಿಯಿಂದ ಮುಡಿಯವರೆಗೆ ನೋಡಿ, ಬಿಳಿ ಗಡ್ಡದವನು ಇವನೇ ಎಂದು ಪೊಡಿಯಬ್ಬನ ಜೊತೆಗೇ ಮಾತಿಗಿಳಿದಳು.

"ಹಿಂದಿಗಳಾ, ಹಿಂದ್ ದೇಶದವರಾ? ಚಳಿಯಲ್ಲಿ ಇಲ್ಲಿಗೆ ಯಾರು ಅಟ್ಟಿದರು ನಿಮ್ಮನ್ನು? ಕೆಲಸಕ್ಕೆ ಇಟ್ಟುಕೊಂಡ ಕಫೀಲನಿಗೆ ಕರುಣೆ ಇಲ್ಲವಾ?"

ಒಳಗೆ ಅವಳ ಗಂಡ ಮಲಗಿದ್ದ. ಅವಳು ಅವನನ್ನು ಶೈಬಾ ಎಂದೇ ಕರೆಯುತ್ತಿದ್ದಳು, ಮುದುಕಾ ಎಂದಂತೆ. ನೆಲ ನಡುಗಲು ಶುರುವಾದ ದಿನ ಬೆದರಿದ ಆಡಿನ ಹಿಂದೆ ಓಡಿ ಬಂಡೆಯಿಂದ ಬಿದ್ದು ತೊಡೆ ಮುರಿದುಕೊಂಡಿದ್ದ. ಕೆಳಗಿನ ಹಳ್ಳಿಯವನೊಬ್ಬ ಬಂದು ಪಟ್ಟಿ ಕಟ್ಟಿ, ವಸಂತದವರೆಗೆ ಅಲುಗಾಡಬೇಡ ಎಂದು ಹೇಳಿ ಹೋಗಿದ್ದ. ಉಣ್ಣೆಯ ಡೇರೆಯಲ್ಲಿ ಈ ಚಳಿಗೆ ಅವನ ಎದೆ ಕಟ್ಟುತ್ತಿತ್ತು. ಅದಕ್ಕೇ ಬುರುಜಿನೊಳಗೆ ಬೆಂಕಿ ಹಾಕಿ ಮಲಗಿಸಿದ್ದಳು. ಮಗ ಜುಬೈಲಿನ ಕಾರ್ಖಾನೆಯಲ್ಲಿದ್ದ. ಅವನಿಗೆ ಇದ್ಯಾವುದೂ ತಿಳಿಯದು.

"ಇರಲಿ," ಎಂದು ಫೌಸ್ಟಿನ್ ಕೈ ಉಜ್ಜಿಕೊಂಡ. "ನಾವು ಹೊರಗೆ ಡೇರೆ ಹಾಕುವ. ಬುಡದಲ್ಲಿ ಗುಂಡಿ ಆಗಬೇಕು ಪೊಡಿಯಬ್ಬಾಕ. ಬಾಗಿಲಿನ ಪಕ್ಕದಲ್ಲೇ ಆಗಲಿ."

ಪೊಡಿಯಬ್ಬ ಪಿಕ್ಕಾಸು ಎತ್ತಿ ಹಾಕಿದ. ಟಣ್ ಎಂದಿತು. ಇನ್ನೊಮ್ಮೆ ಹಾಕಿದ. ಕೈ ಜುಮ್ಮೆಂದಿತು, ನೆಲದಲ್ಲಿ ಉಗುರು ಗೀರಿದಷ್ಟು ಗುರುತು ಬಿತ್ತು. ಬಂಡೆಯಲ್ಲ, ಮಣ್ಣೇ. ಆದರೂ ಟಣ್ ಎನ್ನುತ್ತದೆ. ಬಿಸಿಲಿಗೆ ಕಾದು ಕಲ್ಲಾದ ಬೇಸಗೆಯ ನೆಲ ಅವನಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೆ ಮದ್ದೂ ಗೊತ್ತಿತ್ತು: ಸಂಜೆ ನಾಲ್ಕು ಕೊಡ ನೀರು ಹೊಯ್ದು ಮಲಗಿದರೆ ಬೆಳಿಗ್ಗೆ ಮಣ್ಣು ತಾನಾಗಿ ಬಾಯಿ ಬಿಡುತ್ತದೆ. ಅಪ್ಪ ಹಾಗೆ ಮಾಡುತ್ತಿದ್ದ, ಅಜ್ಜನೂ ಹಾಗೆಯೇ ಮಾಡಿದ್ದನಂತೆ.

ಗುಲಾಮ್ ಮುಹಮ್ಮದ್ ಆ ಸಂಜೆ ಕೊನೆಯ ಹೊರೆಗೆಂದು ಕೆಳಗಿಳಿದಿದ್ದ, ಇಲ್ಲದಿದ್ದರೆ ತಡೆಯುತ್ತಿದ್ದ. ಪೊಡಿಯಬ್ಬ ಒರತೆಯಿಂದ ನೀರು ಹೊತ್ತು ತಂದು, ಬಾಗಿಲಿನ ಪಕ್ಕದಲ್ಲಿ ಗೋಡೆಗೆ ತಾಗಿ ಸಣ್ಣ ಕಟ್ಟ ಕಟ್ಟಿ, ತುಂಬ ಜಾಗ್ರತೆಯಿಂದ ಹೊಯ್ದ. ಉಮ್ಮೆ ಕುಲ್ಸುಮ್ ಬಾಗಿಲಲ್ಲಿ ಕೂತು ನೋಡುತ್ತಲೇ ಇದ್ದಳು.

ಬೆಳಿಗ್ಗೆ ಎದ್ದು ನೋಡಿದರೆ ಅಲ್ಲಿ ಒಂದು ಕನ್ನಡಿ ಬಿದ್ದುಕೊಂಡಿತ್ತು. ಅದರೊಳಗೆ ಆಕಾಶ ಇತ್ತು, ಬುರುಜಿನ ತಲೆಯೂ ಇತ್ತು. ಪೊಡಿಯಬ್ಬ ಪಿಕ್ಕಾಸು ಹಾಕಿದ. ಕಾಲು ಜಾರಿ ಕೂತ ರಭಸಕ್ಕೆ ಟೊಪ್ಪಿ ಹಾರಿತು.

ಹೊರೆ ಹೊತ್ತು ಬಂದ ಗುಲಾಮ್ ಮುಹಮ್ಮದ್ ಹೊರೆ ಇಳಿಸಿ, ಸೊಂಟಕ್ಕೆ ಕೈ ಕೊಟ್ಟು ನಕ್ಕ. "ಅರೇ ಚಾಚಾ! ಚಳಿಯಲ್ಲಿ ನೆಲಕ್ಕೆ ನೀರು? ನಮ್ಮಲ್ಲಿ ಕತ್ತೆಯೂ ಹಾಗೆ ಮಾಡುವುದಿಲ್ಲ!"

"ನಿಮ್ಮ ಕತ್ತೆ ಬಾವಿ ತೋಡಿದ್ದುಂಟಾ?" ಎಂದ ಪೊಡಿಯಬ್ಬ, ಕೂತಲ್ಲಿಂದಲೇ.

"ನಾನು ನೋಡುತ್ತಿದ್ದೆ," ಎಂದಳು ಉಮ್ಮೆ ಕುಲ್ಸುಮ್. "ಹಿಂದಿಗಳು ನಮಾಜಿಗೆ ಮೊದಲು ನೆಲಕ್ಕೂ ಕೈಕಾಲು ತೊಳೆಸಿ ವುಜೂ ಮಾಡಿಸುತ್ತಾರೇನೋ ಅಂದುಕೊಂಡೆ." ಒಳಗಿನಿಂದ ಶೈಬಾ ಕೆಮ್ಮಿದ್ದು ಕೇಳಿತು. ಅದು ನಗು.

ಅವಳ ಬೆಂಕಿಯಿಂದಲೇ ಕೆಂಡ ತಂದು ಸುರಿದು, ಸ್ವಲ್ಪ ಸ್ವಲ್ಪವೇ ಕರಗಿಸಿ, ಕೆತ್ತಿ, ಪೆಟ್ಟಿಗೆಯನ್ನು ಕೂರಿಸಿದರು. ಮೇಲೆ ಒಂದು ಚಪ್ಪಡಿ ಮುಚ್ಚಿದರು. ಬದಿಯ ನೀರು ಮತ್ತೆ ಗಟ್ಟಿಯಾಗಿ ಪೆಟ್ಟಿಗೆಯನ್ನು ಕಚ್ಚಿ ಹಿಡಿದಾಗ ಫೌಸ್ಟಿನ್ ಅಲುಗಿಸಿ ನೋಡಿ, "ಸಿಮೆಂಟು ಹಾಕಿದ್ದರೂ ಇಷ್ಟು ಗಟ್ಟಿ ಆಗ್ತಿರಲಿಲ್ಲ ಮಾರಾಯ್ರೆ!" ಎಂದ. ನೆತ್ತಿಯ ಪೆಟ್ಟಿಗೆಯನ್ನು ಮೇಲಿನ ಕಿಂಡಿಯ ಕಟ್ಟೆಗೆ ಕಟ್ಟಿದ್ದಾಯಿತು. ಎರಡರಿಂದಲೂ ತಂತಿ ಡೇರೆಗೆ ಬಂತು. ಡೇರೆಯಲ್ಲಿ ಕಾಗದ ಸುತ್ತಿದ ಉರುಳೆ ನಿಧಾನ ತಿರುಗತೊಡಗಿತು, ಎರಡು ಸಪೂರ ಪೆನ್ನು ಗೆರೆ ಎಳೆಯುತ್ತಾ ಹೋದವು. ಪೊಡಿಯಬ್ಬ ತನ್ನ ಲೆಕ್ಕಕ್ಕೆ ಮೇಲಿನ ಕಿಂಡಿಯಿಂದ ಒಂದು ತೂಗುಗುಂಡನ್ನು ಇಳಿಬಿಟ್ಟು, ಅದರ ಮೊನೆಯ ಕೆಳಗೆ ಸುಣ್ಣದ ಬೊಟ್ಟು ಇಟ್ಟ. ಗೋಡೆ ಕಟ್ಟಿದ ಕೈ, ಅಭ್ಯಾಸ ಬಿಡುವುದಿಲ್ಲ.

ಪೆಟ್ಟಿಗೆ ಇಟ್ಟ ಮೇಲೆ ಮೊದಲ ನಡುಕ ಬಂದದ್ದು ಮರುದಿನ ಸೂರ್ಯ ಏಳುವಾಗ.

ಢಮ್ ಎಂದು ನೆಲದಡಿಯಲ್ಲಿ ಯಾರೋ ಬಾಗಿಲು ಬಡಿದರು. ಬುರುಜು ಗಡಗಡ ನಡುಗಿತು. ಚಳಿ ಹಿಡಿದವನ ಹಲ್ಲಿನ ಹಾಗೆ, ಚುರುಕಾಗಿ, ಸಣ್ಣಗೆ. ನಡುಮಟ್ಟದ ಕಿಂಡಿಯ ಬದಿಯಿಂದ ಗಾರೆಯ ಧೂಳು ಉದುರಿತು. ಅಷ್ಟೇ. ಮತ್ತೆ ಮೌನ. ಧೂಳು ಬಿಸಿಲಿನಲ್ಲಿ ಹೊಳೆಯುತ್ತಾ ತುಂಬ ಹೊತ್ತು ಇಳಿಯುತ್ತಲೇ ಇತ್ತು.

ಫೌಸ್ಟಿನ್ ಡೇರೆಯಿಂದ ಓಡಿ ಬಂದ. "ಸಿಕ್ಕಿತು! ನೋಡಿ, ಗೆರೆ ಹೊಲಿಗೆ ಹಾಕಿದ ಹಾಗೆ ಒತ್ತೊತ್ತಾಗಿ ಉಂಟು. ಬುಡವನ್ನು ಐಸು ಹಿಡಿದಿದೆ, ಅದು ಬಿಟ್ಟುಕೊಡುವುದಿಲ್ಲ. ಹಾಗಾಗಿ ಪೆಟ್ಟು ಎಲ್ಲ ಮೈಗೆ ಬೀಳ್ತದೆ. ಅಲ್ಲಿ ನಡುವಲ್ಲಿ ಬಿರುಕು ಕಾಣ್ತದಲ್ಲ?"

"ಕಾಲು ಕಟ್ಟಿ ಹೊಡೆದ ಹಾಗೆ," ಎಂದ ಪೊಡಿಯಬ್ಬ.

"ಹಾಂ, ಹಾಗೆಯೇ. ಕರಗಿದ ಮೇಲೆ ಎಂತ ಮಾಡ್ತದೆ, ಅದು ನೋಡಬೇಕು."

ಮೋಡ ಕವಿದ ದಿನಗಳು ಬಂದವು. ಬಿಸಿಲು ಇಲ್ಲ, ನೆಲ ಬಿಡುವುದಿಲ್ಲ. ಮಾಡಲು ಕೆಲಸವೇ ಇಲ್ಲ, ಕಾಯುವುದೊಂದೇ ಕೆಲಸ. ಮಂಜು ಬೆಟ್ಟದ ಬೆನ್ನು ಹತ್ತಿ ಬಂದಾಗ ಬುರುಜಿನ ಬುಡ ಮಾಯವಾಗಿ ತಲೆಯೊಂದೇ ತೇಲುತ್ತಿತ್ತು. ಆಡುಗಳು ಕೂಗಿದರೆ ಸದ್ದು ಎಲ್ಲಿಂದ ಬಂತೆಂದು ತಿಳಿಯುತ್ತಿರಲಿಲ್ಲ. ಪೊಡಿಯಬ್ಬ ಒಳಗೆ ಹೋಗಿ ಬೆಂಕಿಯ ಮುಂದೆ ಶೈಬಾನ ಬದಿಯಲ್ಲಿ ಕೂರುತ್ತಿದ್ದ. ಇಬ್ಬರೂ ಮಾತು ಕಡಿಮೆಯವರು. ಶೈಬಾ ಒಮ್ಮೆ, "ನಿಮ್ಮಲ್ಲಿ ಮಳೆ ಎಷ್ಟು?" ಎಂದು ಕೇಳಿದ. "ತಿಂಗಳುಗಟ್ಟಲೆ," ಎಂದ ಪೊಡಿಯಬ್ಬ. ಶೈಬಾ ಬಹಳ ಹೊತ್ತು ಯೋಚಿಸಿ, "ಹಾಗಾದರೆ ಆಡುಗಳನ್ನು ಎಲ್ಲಿ ಒಣಗಿಸುತ್ತೀರಿ?" ಎಂದು ಕೇಳಿದ. ಹೊಗೆಯೊಳಗೆ ಇಬ್ಬರೂ ಅದನ್ನೇ ಯೋಚಿಸುತ್ತಾ ಕೂತರು.

ಆಮೇಲೆ ಒಂದು ಬೆಳಿಗ್ಗೆ ಗಾಳಿ ತಿರುಗಿತು.

ತೆಂಕಣ ಗಾಳಿ, ಬೆಚ್ಚಗೆ, ಹಸುವಿನ ಉಸಿರಿನ ಹಾಗೆ. ಮೋಡ ಹರಿದು ಬಿಸಿಲು ಬಿತ್ತು. ಹೊತ್ತು ಏರಿದಂತೆ ಬೆಟ್ಟವೆಲ್ಲ ತೊಟ್ಟಿಕ್ಕತೊಡಗಿತು. ಬಂಡೆಯಿಂದ, ಮುಳ್ಳಿನಿಂದ, ಬುರುಜಿನ ಸೂರಿನಿಂದ ಟಪ್ ಟಪ್. ಹಿಮದ ಶಾಲು ಅಲ್ಲಲ್ಲಿ ತೂತಾಯಿತು. ನೂರಾರು ಸಣ್ಣ ನೀರಿನ ಎಳೆಗಳು ಬಿಸಿಲಿನಲ್ಲಿ ಮಿನುಗುತ್ತಾ ಕೆಳಗೆ ಹರಿದವು. ನೋಡಲಿಕ್ಕೆ ಅಷ್ಟು ಚಂದ. ಪೊಡಿಯಬ್ಬ ಗುಂಡಿಯ ಬಳಿಗೆ ಹೋದವನು ಅಲ್ಲೇ ನಿಂತ.

ಅವನು ಮುಚ್ಚಿದ ಚಪ್ಪಡಿ ನಿನ್ನೆಯವರೆಗೆ ಅಡಿಯ ಐಸಿನಿಂದ ಉಬ್ಬಿ ಎದ್ದಿತ್ತು. ಈಗ ಅದು ಒಂದು ಬದಿಗೆ ವಾಲಿ ಕುಸಿದಿತ್ತು. ಅಂಚಿನಿಂದ ಕೆಸರು ಉಕ್ಕುತ್ತಿತ್ತು. ಕೋಲು ಚುಚ್ಚಿದ. ಒಂದು ಮೊಣಕಾಲಷ್ಟು ಸಲೀಸಾಗಿ ಇಳಿದು, ಆಮೇಲೆ ಟಣ್. ಕೆಳಗೆ ಇನ್ನೂ ಕಲ್ಲು, ಮೇಲೆ ಪಾಯಸ. ಕರಗಿದ ನೀರಿಗೆ ಇಳಿದು ಹೋಗಲು ದಾರಿಯೇ ಇಲ್ಲ. ಬುರುಜಿನ ತೆಂಕಣ ಬದಿ ಪೂರ್ತಿ ಹೀಗೇ ಇತ್ತು. ಬಡಗಣ ಬದಿಗೆ ಹೋಗಿ ಚುಚ್ಚಿದ. ನೆರಳಿನಲ್ಲಿ ಮೊದಲ ಪೆಟ್ಟಿಗೇ ಟಣ್.

ತೂಗುಗುಂಡು ಸುಣ್ಣದ ಬೊಟ್ಟನ್ನು ಬಿಟ್ಟು ತೆಂಕಕ್ಕೆ ಸರಿದಿತ್ತು. ಬಾಗಿಲಿನ ಕಡೆಗೆ.

ಅಷ್ಟರಲ್ಲಿ ನಡುಕ ಬಂತು. ಹಿಂದಿನವುಗಳಿಗಿಂತ ಸಣ್ಣದು. ಆದರೆ ಬುರುಜು ನಡುಗಲಿಲ್ಲ. ಓಲಾಡಿತು. ಹೊಳೆಯ ನಡುವೆ ಲಂಗರು ಹಾಕಿದ ದೋಣಿಯಂತೆ ಆಚೆ ಹೋಗಿ, ಒಂದು ಕ್ಷಣ ನಿಂತು, ಈಚೆ ಬಂತು. ನೆಲ ನಿಂತ ಮೇಲೂ ಅದು ಓಲಾಡುತ್ತಲೇ ಇತ್ತು. ಅಷ್ಟು ದೊಡ್ಡ ಕಲ್ಲಿನ ರಾಶಿ ಅಷ್ಟು ಮೆಲ್ಲಗೆ, ಸದ್ದಿಲ್ಲದೆ ತಲೆದೂಗುವುದನ್ನು ನೋಡಿ ಪೊಡಿಯಬ್ಬನಿಗೆ ಕಣ್ಣು ಕೀಳಲಾಗಲಿಲ್ಲ.

ಡೇರೆಯಲ್ಲಿ ಫೌಸ್ಟಿನ್ ಕುಣಿಯುವುದೊಂದು ಬಾಕಿ. "ಅಲೆ ನೋಡಿ, ಎಷ್ಟು ಅಗಲ! ಎರಡೂ ಸಿಕ್ಕಿತು ಪೊಡಿಯಬ್ಬಾಕ. ಬಂದ ಕೆಲಸ ಆಯ್ತು. ಕಟ್ಟುವ, ಹೊರಡುವ!"

"ಅವರಿಗೆ ಎಂತ ಹೇಳುವುದು?"

"ಯಾರಿಗೆ?"

ಪೊಡಿಯಬ್ಬ ಬುರುಜಿನ ಕಡೆ ನೋಡಿದ. ಫೌಸ್ಟಿನನ ನಗು ಇಳಿಯಿತು. ಅವನು ಕಾಗದವನ್ನು ಮತ್ತೆ ನೋಡಿದ, ಈ ಸಲ ಬೇರೆ ಕಣ್ಣಿನಿಂದ. "ಇದು ಸಣ್ಣ ನಡುಕ," ಎಂದ ಮೆಲ್ಲಗೆ. "ದೊಡ್ಡದೊಂದು ಬಂದರೆ ಈ ಬುಡ ಹಿಡಿಯುವುದಿಲ್ಲ. ಮೈಯಲ್ಲಿ ಮೊದಲೇ ಬಿರುಕು ಉಂಟು." ಸ್ವಲ್ಪ ತಡೆದು, "ಸಂಜೆ ಮತ್ತೆ ಹೆಪ್ಪುಗಟ್ಟುತ್ತದಲ್ಲ? ಆಗ ಸಾಗಿಸಿದರೆ?" ಎಂದ.

ಗುಲಾಮ್ ಮುಹಮ್ಮದ್ ಬೆರಳು ಒದ್ದೆ ಮಾಡಿ ಗಾಳಿಗೆ ಹಿಡಿದ. ತಲೆ ಅಲ್ಲಾಡಿಸಿದ. "ಈ ಗಾಳಿ ನನಗೆ ಗೊತ್ತು ಭಾಯಿ. ಸಂಜೆಗೆ ನಿಲ್ಲುವುದಿಲ್ಲ. ಇವತ್ತು ನೆಲ ಗಟ್ಟಿಯಾಗುವುದಿಲ್ಲ, ನಾಳೆ ಇನ್ನೂ ಕೆಸರು. ಹೋಗುವುದಾದರೆ ಈಗಲೇ."

ಮೂವರೂ ಬಾಗಿಲಿಗೆ ಹೋದರು. ಫೌಸ್ಟಿನ್ ಉರುಳೆಗೆ ಹೊಸ ಕಾಗದ ಸುತ್ತಿ, ಹಳೆಯದನ್ನು ತಂದು ಬಿಡಿಸಿ ಹಿಡಿದ. ಪೊಡಿಯಬ್ಬ ಅರಬಿಯಲ್ಲಿ ಹೇಳತೊಡಗಿದ. ಅವನ ಅರಬಿ ಚಾ, ರೊಟ್ಟಿ, ವಾಸದ ಪರವಾನಗಿಯ ಇಕಾಮಾ, ಬೇಗ ಮಾಡು, ನಾಳೆ ಬಾ, ಇಷ್ಟರಲ್ಲೇ ಬೆಳೆದದ್ದು. ಹೆಪ್ಪುಗಟ್ಟುವುದಕ್ಕೆ ಅದರಲ್ಲಿ ಶಬ್ದವಿರಲಿಲ್ಲ.

"ನೆಲ... ಬೆಳಿಗ್ಗೆ ಮಲಗುತ್ತದೆ. ಮಧ್ಯಾಹ್ನ ಏಳುತ್ತದೆ. ಎದ್ದರೆ ಬುರ್ಜ್ ಬೀಳುತ್ತದೆ."

"ಹಾಗಾದರೆ ನೆಲವೂ ನನ್ನ ಶೈಬಾನ ಹಾಗೆಯೇ," ಎಂದಳು ಉಮ್ಮೆ ಕುಲ್ಸುಮ್. ಕಾಗದದ ಮೇಲೆ ಕಣ್ಣು ಹಾಯಿಸಿ, "ಇದೇನು? ಶಾಯಿಗೆ ಬಿದ್ದ ಇರುವೆ ನಡೆದು ಹೋಗಿದೆ," ಎಂದಳು. ಆಮೇಲೆ ಮುಖ ಗಂಭೀರವಾಯಿತು. "ಕೇಳು ಹಾಜಿ. ಇದು ನನ್ನ ಅಜ್ಜನ ಕಾಲದಿಂದ ನಿಂತಿದೆ. ಈ ಚಳಿಗಾಲವೆಲ್ಲ ನಡುಗಿದೆ, ಬಿದ್ದಿಲ್ಲ. ಹೊರಗಿನ ಗಾಳಿಯಲ್ಲಿ ಮಲಗಿಸಿದರೆ ಇವನು ಖಂಡಿತ ಸಾಯುತ್ತಾನೆ. ಬುರ್ಜ್ ಬೀಳಬಹುದು ಎನ್ನುತ್ತೀ. ಬಹುದಕ್ಕೆ ಹೆದರಿ ಖಂಡಿತಕ್ಕೆ ಹೋಗಲಾ?"

ಫೌಸ್ಟಿನ್ ಕಾಗದವನ್ನು ಸುತ್ತಿಕೊಂಡ.

ಪೊಡಿಯಬ್ಬ ವಾದಕ್ಕೆ ಹೋಗಲಿಲ್ಲ. "ಉಮ್ಮಾ, ಒಂದು ಸಲ ಹೊರಗೆ ಬನ್ನಿ," ಎಂದು ತನ್ನ ಗುಂಡಿಯ ಹತ್ತಿರ ಕರೆದೊಯ್ದ. "ನಾನು ನೀರು ಹೊಯ್ದ ಜಾಗ. ಆವತ್ತು ನಾನು ಜಾರಿ ಬಿದ್ದೆ, ನೀವು ನಕ್ಕಿರಿ. ಈಗ ಕಾಲಿಡಿ."

ಅವಳು ಕಾಲಿಟ್ಟಳು. ಹಿಮ್ಮಡಿಯವರೆಗೆ ಹೂತುಹೋಯಿತು. ಎಳೆದುಕೊಂಡಾಗ ಕೆಸರು ಚಪ್ಪರಿಸಿದ ಸದ್ದು ಮಾಡಿತು.

ಅವಳು ನೆಲವನ್ನೇ ನೋಡುತ್ತಾ ನಿಂತಳು. "ರಾಯಿಬ್," ಎಂದಳು ತನಗೆ ತಾನೇ. "ಬೆಳಿಗ್ಗೆ ರಾಯಿಬ್ ಇತ್ತು. ಈಗ ಲಬನ್ ಆಗಿದೆ."

ಬೆಳಿಗ್ಗೆ ಗಟ್ಟಿ ಮೊಸರು. ಈಗ ಕಡೆದ ಮಜ್ಜಿಗೆ. ಪೊಡಿಯಬ್ಬ ಅವಳ ಮುಖ ನೋಡಿದ. ಚಾ ಅಂಗಡಿಯಲ್ಲಿ ತಾನು ತಮಾಷೆಗೆ ಆಡಿದ ಮಾತನ್ನೇ ಈ ಮುದುಕಿ ಇನ್ನೊಂದು ಭಾಷೆಯಲ್ಲಿ, ಸ್ವಲ್ಪವೂ ತಮಾಷೆಯಿಲ್ಲದೆ ಆಡಿದ್ದಳು. "ನಮ್ಮಲ್ಲಿಯೂ ಹಾಗೆಯೇ ಹೇಳುವುದು ಉಮ್ಮಾ," ಎಂದ. "ಹಾಲಿಗೂ ನೆಲಕ್ಕೂ ಒಂದೇ ಮಾತು, ಹೆಪ್ಪು."

ಅವಳು ಬುರುಜನ್ನು ಬುಡದಿಂದ ನೆತ್ತಿಯವರೆಗೆ ನೋಡಿದಳು. ಆಡಿನ ಹಾಲಿನಲ್ಲೇ ಮುದುಕಿಯಾದವಳು. ಗಟ್ಟಿ ಮೊಸರಿನ ಮೇಲೆ ಚಮಚ ನೆಟ್ಟಗೆ ನಿಲ್ಲುವುದನ್ನು, ಮಡಕೆ ಅಲುಗಿ ನೀರೊಡೆದ ಮೇಲೆ ಅದೇ ಚಮಚ ಅಡ್ಡ ಬೀಳುವುದನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ನಿಮ್ಮ ಡೇರೆಯಲ್ಲಿ ಒಲೆ ಉಂಟಾ?" ಎಂದು ಕೇಳಿದಳು.

"ಉಂಟು. ಕೆಳಗೆ ಲಾರಿಯೂ ಉಂಟು. ತಬೂಕಿನಲ್ಲಿ ಆಸ್ಪತ್ರೆಯೂ ಉಂಟು."

"ಲಾರಿ ಉಂಟು ಅಂತ ಮೊದಲೇ ಹೇಳಬಾರದಿತ್ತಾ? ಇರುವೆ ತೋರಿಸಿದೆಯಲ್ಲ!" ಎಂದು ಗದರಿ, ಒಳಗೆ ತಿರುಗಿ ಕೂಗಿದಳು. "ಏಳು ಶೈಬಾ! ಹೋಗೋಣ."

"ನಾನು ಬರುವುದಿಲ್ಲ," ಎಂದ ಶೈಬಾ. "ಈಗಷ್ಟೇ ಕಾಲು ಬೆಚ್ಚಗಾಗಿದೆ."

"ನಿನ್ನನ್ನು ಯಾರು ಕೇಳಿದರು?"

ಮುಂದೆ ಎಲ್ಲ ಬೇಗ ಬೇಗ. ಹಟ್ಟಿಯಿಂದ ಆಡುಗಳನ್ನು ಅವಳು ಮೊದಲು ಹೊರಗಟ್ಟಿದಳು. ಉರುಳೆಯನ್ನು ತಿರುಗಲು ಬಿಟ್ಟು ಡೇರೆಯ ಎರಡು ಕೋಲು ಕಿತ್ತರು, ನಡುವೆ ಕಂಬಳಿ ಹೆಣೆದರು. ಶೈಬಾನನ್ನು ಅದರ ಮೇಲೆ ಎಳೆದರು. ಅವನು ಹಲ್ಲು ಕಚ್ಚಿದ. ಹಣೆ ಬೆವರಿತು.

ಬಾಗಿಲು ಗಿಡ್ಡ. ಮುಂದೆ ಗುಲಾಮ್ ಮುಹಮ್ಮದ್, ಹಿಂದೆ ಫೌಸ್ಟಿನ್, ನಡುವೆ ಮುರಿದ ಕಾಲನ್ನು ಎರಡೂ ಕೈಯಲ್ಲಿ ಹಿಡಿದು ಪೊಡಿಯಬ್ಬ. ಬುರುಜು ವಾಲಿದ್ದೂ ಅದೇ ಕಡೆಗೆ. ಅದರ ನೆರಳಿನಡಿಯಲ್ಲೇ ಹೊರಬರಬೇಕು, ಬೇರೆ ದಾರಿಯಿಲ್ಲ.

"ಮೆಲ್ಲ... ಮೆಲ್ಲ..."

"ಮೆಲ್ಲ ಯಾಕೆ? ಬೇಗ!"

"ಕಾಲು ಹೂತಿದೆ ಮಾರಾಯ್ರೆ!"

ಕೆಸರು ಒಂದೊಂದು ಹೆಜ್ಜೆಗೂ ಚಪ್ಪಲಿ ಕೇಳುತ್ತಿತ್ತು. ಪೊಡಿಯಬ್ಬ ತನ್ನ ಗುಂಡಿಯ ಅಂಚಿನಲ್ಲೇ ಮುಗ್ಗರಿಸಿದ. ಮೊಣಕಾಲು ಚಪ್ಪಡಿಗೆ ಬಡಿಯಿತು. ಕಣ್ಣು ಕತ್ತಲೆ ಬಂತು. ಆದರೆ ಕೈ ಬಿಡಲಿಲ್ಲ. ಮುದುಕನ ಕಾಲು ಅವನ ಎದೆಗೆ ಒತ್ತಿಕೊಂಡಿತ್ತು. ಮೇಲಿನಿಂದ ಒಂದು ಕಲ್ಲು ತಾನಾಗಿ ಜಾರಿ ಬಂದು ಬದಿಯಲ್ಲೇ ಥಪ್ಪೆಂದು ಹೂತಿತು.

"ಯಾ ಅಲ್ಲಾಹ್," ಎಂದ ಪೊಡಿಯಬ್ಬ. ಹಿಂದಿನಿಂದ ಫೌಸ್ಟಿನ್ ಕೊಂಕಣಿಯಲ್ಲಿ ದೇವಮಾತೆಯನ್ನು ಕರೆದ.

ಎದ್ದರು. ನಡೆದರು. ಆಡಿನ ಹಟ್ಟಿಯ ಕಲ್ಲುಗೋಡೆ ದಾಟಿದರು. ಗಟ್ಟಿ ಬಂಡೆ ಕಾಲಿಗೆ ಸಿಕ್ಕಿತು. ಡೇರೆ ದಾಟಿ, ಇಳಿಜಾರಿನ ಬಾಯಿಯಲ್ಲಿ ಕಂಬಳಿಯನ್ನು ಇಳಿಸಿದರು. ಉಸಿರು ಎಳೆದುಕೊಳ್ಳಲಿಕ್ಕಷ್ಟೇ.

ಆಗ ಅದು ಬಂತು.

ಆಡುಗಳು ಮೊದಲು ಸುಮ್ಮನಾದವು. ಆಮೇಲೆ ಬಂಡೆ ಅವರ ಅಡಿಯಲ್ಲಿ ಗುರುಗುಟ್ಟಿತು. ಬುರುಜು ಓಲಾಡಿತು. ಆಚೆಗೆ, ಈಚೆಗೆ. ಇನ್ನೊಮ್ಮೆ ಆಚೆಗೆ. ಪ್ರತಿ ಸಲವೂ ಇನ್ನಷ್ಟು ದೂರ, ಇನ್ನಷ್ಟು ನಿಧಾನ. ಬಿಸಿಲಿನಲ್ಲಿ ಅದರ ಕಲ್ಲುಗಳೆಲ್ಲ ಒದ್ದೆಯಾಗಿ ಹೊಳೆಯುತ್ತಿದ್ದವು. ನಾಲ್ಕನೆಯ ಸಲ ತೆಂಕಕ್ಕೆ ಹೋದದ್ದು ಹಿಂದೆ ಬರಲಿಲ್ಲ. ನಡುವಿನ ಬಿರುಕು ಬಾಯಿಯಂತೆ ತೆರೆಯಿತು, ಅದರೊಳಗಿಂದ ಆಚೆಯ ಆಕಾಶ ಒಂದು ಗಳಿಗೆ ನೀಲಿಯಾಗಿ ಕಂಡಿತು. ನೆತ್ತಿ ಕಳಚಿ, ಮೈ ಮಡಿಸಿ, ಇಡೀ ಬುರುಜು ದಣಿದವನು ಕೂತ ಹಾಗೆ ತನ್ನ ಬಾಗಿಲಿನ ಮೇಲೆಯೇ ಕೂತುಬಿಟ್ಟಿತು. ಸದ್ದು ಆಮೇಲೆ ಬಂತು. ಬೆಟ್ಟದಿಂದ ಬೆಟ್ಟಕ್ಕೆ ಹೋಗಿ, ಕೊಲ್ಲಿಯವರೆಗೆ ಹೋಗಿ, ತಿರುಗಿ ಬಂತು.

ಧೂಳು ಅಡಗಿತು. ಬಾಗಿಲಿದ್ದ ಜಾಗದಲ್ಲಿ ಕಲ್ಲಿನ ಗುಡ್ಡೆ. ಅದರ ಸಂದಿನಿಂದ ಒಳಗಿನ ಬೆಂಕಿಯ ಹೊಗೆ ಎಳೆಎಳೆಯಾಗಿ ಏಳುತ್ತಿತ್ತು.

ಶೈಬಾ ಮೊಣಕೈ ಊರಿ ನೋಡಿದ. "ನನ್ನ ಕಾಫಿಯ ಪಾತ್ರೆ ಒಳಗಿತ್ತು," ಎಂದ.

ಉಮ್ಮೆ ಕುಲ್ಸುಮ್ ಅವನ ಎದೆಯ ಮೇಲೆ ತಲೆಯಿಟ್ಟು ಅತ್ತಳು. ಆಮೇಲೆ ಎದ್ದು ಮುಸುಕು ಸರಿಮಾಡಿಕೊಂಡು, ಆಡುಗಳನ್ನು ಎಣಿಸಲು ಹೋದಳು.

ಇಳಿಯುವುದು ಏರುವುದಕ್ಕಿಂತ ಕಷ್ಟವಾಯಿತು. ದಾರಿಯೇ ಹೊಳೆಯಾಗಿ ಹರಿಯುತ್ತಿತ್ತು. ಫೌಸ್ಟಿನ್ ಕಾಗದದ ಸುರುಳಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅಂಗಿಯೊಳಗೆ ಕಟ್ಟಿಕೊಂಡಿದ್ದ; ಉಳಿದ ಸಾಮಾನೆಲ್ಲ ಬೆಟ್ಟದ ಮೇಲೇ ಉಳಿಯಿತು. ಮಂಜು ಮತ್ತೆ ಬಂತು. ಮುಂದಿನವನ ಬೆನ್ನು ಮಾತ್ರ ಕಾಣುತ್ತಿತ್ತು, ಹಿಂದಿನಿಂದ ಆಡುಗಳ ಗೊರಸಿನ ಸದ್ದು ಮಳೆಯಂತೆ ಕೇಳುತ್ತಿತ್ತು. ಹೆಗಲು ಬದಲಿಸಲು ನಿಂತಾಗಲೆಲ್ಲ ಶೈಬಾ, "ಭಾರವಾದೆನಾ?" ಎಂದು ಕೇಳುತ್ತಿದ್ದ. "ಇಲ್ಲ," ಎಂದು ಪೊಡಿಯಬ್ಬ ಸುಳ್ಳು ಹೇಳುತ್ತಿದ್ದ. ಅವನ ಮೊಣಕಾಲು ಊದಿ ಹಲಸಿನ ಗುಜ್ಜೆಯಾಗಿತ್ತು. ಆದರೂ ಆ ಬಿಳಿ ಮಂಜಿನೊಳಗೆ, ಯಾರದೋ ಮುದು ಕಾಲನ್ನು ಮಗುವಿನಂತೆ ಹಿಡಿದು ಇಳಿಯುತ್ತಿರುವಾಗ, ಅವನಿಗೆ ನೋವು ದೂರದಲ್ಲೆಲ್ಲೋ ಬೇರೆಯವರಿಗೆ ಆಗುತ್ತಿದ್ದಂತೆ ಇತ್ತು.

ಲಾರಿ ಸಿಕ್ಕಿದಾಗ ಸೂರ್ಯ ಮುಳುಗುತ್ತಿದ್ದ. ಆಡುಗಳೂ ಹತ್ತಿದವು.

ತಬೂಕಿನ ಆಸ್ಪತ್ರೆಯಲ್ಲಿ ಶೈಬಾನ ಕಾಲನ್ನು ಮತ್ತೆ ಕೂರಿಸಿ ಬಿಳಿ ಕಟ್ಟು ಹಾಕಿದರು. ಜುಬೈಲಿನ ಕ್ಯಾಂಪಿಗೆ ಫೋನು ಹೋಯಿತು, ಮಗ ಬಂದ. ಉಮ್ಮೆ ಕುಲ್ಸುಮ್ ಬೀಳ್ಕೊಡುವಾಗ ಪೊಡಿಯಬ್ಬನಿಗೆ ಹೇಳಿದ್ದು ಇಷ್ಟೇ: "ಇನ್ನು ಮೇಲೆ ಚಳಿಯಲ್ಲಿ ನೆಲಕ್ಕೆ ನೀರು ಹೊಯ್ಯಬೇಡ."

ದಹ್ರಾನಿನಲ್ಲಿ ದೊಡ್ಡ ಎಂಜಿನಿಯರು ಉದ್ದದ ಮೇಜಿನ ಮೇಲೆ ಕಾಗದವನ್ನು ಬಿಡಿಸಿ ಒಂದು ವಾರ ನೋಡಿದರು. ಬಹಳ ಖುಷಿಪಟ್ಟರಂತೆ. ನೆಲ ಒಂದು ಬದಿ ಕರಗಿ ಇನ್ನೊಂದು ಬದಿ ಗಟ್ಟಿಯಾಗಿರುವಾಗಲೇ ಹೆಚ್ಚು ಅಪಾಯ ಎಂದು ಬರೆದು, ಉಳಿದ ಬುರುಜುಗಳ ಬುಡದಿಂದ ನೀರು ಹರಿದುಹೋಗುವ ಚರಂಡಿ ಮಾಡಿಸಬೇಕೆಂದು ಕೇಳಿಕೊಂಡರು. ಒಂದು ಕಡೆ ಮಾತ್ರ ಕೆಂಪು ಪೆನ್ಸಿಲಿನಲ್ಲಿ ಸುತ್ತು ಹಾಕಿದ್ದರು.

"ಇದು ಎಂತ ಅಂತ ಕೇಳಿದರು," ಎಂದು ಫೌಸ್ಟಿನ್ ಪೊಡಿಯಬ್ಬನನ್ನು ಕರೆದು ತೋರಿಸಿದ. "ಬುಡದ ಪೆಟ್ಟಿಗೆಯ ಗೆರೆಯಲ್ಲಿ ಮಾತ್ರ ಉಂಟು. ಭೂಕಂಪದ ಹಾಗೆ ಇಲ್ಲ, ಗಲಾಟೆ, ಅಳಿಸಿಬಿಡುವ ಅಂದರು."

ಪೊಡಿಯಬ್ಬನಿಗೆ ಅಕ್ಷರ ಬಾರದು. ಬಗ್ಗಿ ನೋಡಿದ. ನೆಟ್ಟಗೆ ಹೋಗುತ್ತಿದ್ದ ಗೆರೆಯಲ್ಲಿ ಸಣ್ಣ ಸಣ್ಣ ಮುಳ್ಳುಗಳು. ಒಂದು, ಇನ್ನೊಂದು, ತಡೆತಡೆದು ಮತ್ತೊಂದು. ನಡುವೆ ಒಂದು ಉದ್ದನೆಯ ಮುಳ್ಳು.

"ಇದು ನಾವು," ಎಂದ.

"ಹಾಂ, ನಾವೇ. ಹೊತ್ತುಕೊಂಡು ಬರುವ ಹೆಜ್ಜೆ. ಈ ಉದ್ದದ್ದು ಯಾವುದು ಗೊತ್ತುಂಟಾ?"

"ನನ್ನ ಮೊಣಕಾಲು," ಎಂದು ಪೊಡಿಯಬ್ಬ ಅದನ್ನು ಸವರಿಕೊಂಡ. "ಅಳಿಸಿದರಾ?"

"ಇಲ್ಲ. ಬೇಡ ಅಂದೆ. ಇರಲಿ ಅಂದರು."

ಪೊಡಿಯಬ್ಬ ತೋರುಬೆರಳನ್ನು ಗೆರೆಯ ಮೇಲಿಟ್ಟು ಮೆಲ್ಲಗೆ ಮುಂದೆ ಸರಿಸಿದ. ಮುಳ್ಳುಗಳು ಸಣ್ಣದಾಗುತ್ತಾ, ದೂರವಾಗುತ್ತಾ ಹೋಗಿ ನಿಂತವು. ಅಲ್ಲಿಂದ ಮುಂದೆ ಗೆರೆ ಬೆರಳಿನಷ್ಟು ಅಗಲ ಏನೂ ಇಲ್ಲದೆ ನೆಟ್ಟಗೆ ಹೋಗಿತ್ತು. ಆಮೇಲೆ, ಬುರುಜು ಬಿದ್ದ ಹೊತ್ತಿಗೆ, ಪೆನ್ನು ಕಾಗದದ ಅಂಚಿನಿಂದ ಅಂಚಿಗೆ ಹಾರಿತ್ತು.

ಆ ಬೆರಳಗಲದ ಜಾಗದ ಮೇಲೆ ಅವನು ಬೆರಳಿಟ್ಟು ನೋಡಿದ. ಸರಿಯಾಗಿ ಕೂತಿತು.